ಮುತ್ತಿನ ಬಳ್ಳಿಗೆ ನೀರು ಹಾಕಲು ಕಲಿತದ್ದು

ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯ ಅಡುಗೆಕೋಣೆಗೆ ಪೂರ್ವದಿಕ್ಕಿನಲ್ಲಿ ಒಂದು ಅಗಲವಾದ ಕಿಟಕಿಯಿದೆ. ಅದರ ಸರಳಿಗೆ ತೂಗುಹಾಕಿರುವ ಮಣ್ಣಿನ ಕುಂಡದಿಂದ, ಹಸಿ ಬಟಾಣಿ ಕಾಳುಗಳನ್ನು ದಾರದಲ್ಲಿ ಪೋಣಿಸಿ ಇಳಿಬಿಟ್ಟಂತೆ 17 ಎಳೆಗಳು ಜೋತುಬಿದ್ದಿವೆ. ಅವುಗಳಲ್ಲಿ ಅತಿ ಉದ್ದನೆಯದು ಎರಡೂವರೆ ಅಡಿ ದಾಟಿದೆ. ನರ್ಸರಿಗಳಲ್ಲಿ ಇದನ್ನು ಸ್ಟ್ರಿಂಗ್ ಆಫ್ ಪರ್ಲ್ಸ್ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಇದು ಮುತ್ತಿನ ಬಳ್ಳಿ. ಕಳೆದ ಸಲ ಇದಕ್ಕೆ ನೀರು ಹಾಕಿ ಇವತ್ತಿಗೆ 16 ದಿನಗಳಾದವು. ಇಷ್ಟು ದಿನ ಸುಮ್ಮನೆ ಬಿಡುವ ಧೈರ್ಯ ನನಗೆ ಬರಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಒಂದು ಗಿಡ ನನ್ನ ಕೈಯಲ್ಲೇ ಕೊಳೆತುಹೋಗಿತ್ತು. ಅದರ ತುಂಡುಗಳಿಂದ ಬೆಳೆಸಿದ ಎರಡನೆಯದು ಒಣಗಿ ಸಾಯುವ ಹಂತಕ್ಕೆ ಹೋಗಿ ಬಂದಿತ್ತು. ನೀರು ಹಾಕುವುದೆಂಬ ಇಷ್ಟು ಸಣ್ಣ ಕೆಲಸದಲ್ಲಿ ನಾನು ಎಲ್ಲೆಲ್ಲಿ ತಪ್ಪಿದೆ, ಕಡೆಗೆ ಯಾವ ಆಧಾರದ ಮೇಲೆ ನಿಂತೆ ಎಂಬುದನ್ನು, ಇದೇ ಗಿಡವನ್ನು ಮನೆಗೆ ತಂದವರಿಗೆ ಉಪಯೋಗಕ್ಕೆ ಬಂದೀತೆಂದು ವಿವರವಾಗಿ ಬರೆದಿಡುತ್ತಿದ್ದೇನೆ.

ಮೊದಲ ಗಿಡ ಮನೆಗೆ ಬಂದದ್ದು 2022ರ ಆಗಸ್ಟ್‌ನಲ್ಲಿ. ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ನೋಡಲು ಅತ್ತೆಯವರನ್ನು ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗಿದ್ದೆ. ಗಾಜಿನಮನೆಯ ಸಾಲಿನಲ್ಲಿ ನಿಂತು ನಿಂತು ಅವರ ಮಂಡಿ ನೋಯುತ್ತಿದ್ದರೂ, ಹಿಂದಿರುಗುವಾಗ ಸಿದ್ದಾಪುರದ ನರ್ಸರಿಗಳ ಕಡೆ ಒಮ್ಮೆ ಹೋಗಿ ಬರೋಣವೆಂದು ಅವರೇ ಹೇಳಿದರು. ಅಲ್ಲಿ ಒಂದು ಅಂಗಡಿಯ ಹಸಿರು ಬಲೆಯ ಕೆಳಗೆ ತೂಗುಹಾಕಿದ್ದ ಪ್ಲಾಸ್ಟಿಕ್ ಕುಂಡದಲ್ಲಿ ಈ ಗಿಡವನ್ನು ಮೊದಲ ಸಲ ನೋಡಿದೆ. 250 ರೂಪಾಯಿ ಕೊಟ್ಟು, ನೀರಿನ ವಿಷಯ ಕೇಳಿದಾಗ ಅಂಗಡಿಯವರು, “ವಾರಕ್ಕೊಂದು ಸಲ ಅರ್ಧ ಲೋಟ ಹಾಕಿ ಅಮ್ಮಾ, ಅಷ್ಟೇ ಸಾಕು” ಎಂದರು. ನಾನು ಆ ಮಾತನ್ನು ಮದ್ದಿನ ಚೀಟಿಯಂತೆ ಪಾಲಿಸಿದೆ. ಶುಕ್ರವಾರ ಮನೆ ಒರೆಸಿ ದೇವರಿಗೆ ದೀಪ ಹಚ್ಚಿದ ಮೇಲೆ ಅರ್ಧ ಲೋಟ ನೀರನ್ನು ತಪ್ಪದೆ ಕುಂಡಕ್ಕೆ ಸುರಿಯುತ್ತಿದ್ದೆ.

ಆ ವರ್ಷದ ಮಳೆ ಬೆಂಗಳೂರಿನವರಿಗೆ ಮರೆಯುವಂಥದ್ದಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆ ರಸ್ತೆಗಳಲ್ಲಿ ದೋಣಿ ಮತ್ತು ಟ್ರ್ಯಾಕ್ಟರ್‌ಗಳಲ್ಲಿ ಜನರನ್ನು ಸಾಗಿಸಬೇಕಾಯಿತು. ಅಕ್ಟೋಬರ್ ಕಳೆಯುವ ಹೊತ್ತಿಗೆ ನಗರದ ಹಳೆಯ ವಾರ್ಷಿಕ ದಾಖಲೆಯೇ ಮುರಿದಿತ್ತು. ಎತ್ತರದಲ್ಲಿರುವ ನಮ್ಮ ಬಡಾವಣೆಗೆ ನೀರು ನುಗ್ಗಲಿಲ್ಲವಾದರೂ ಒಗೆದ ಬಟ್ಟೆ ಮೂರು ದಿನ ಕಳೆದರೂ ಒಣಗುತ್ತಿರಲಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರು ಒಸರುತ್ತಿತ್ತು. ಬಟ್ಟೆಯೇ ಒಣಗದ ಹವೆಯಲ್ಲಿ ಕುಂಡದ ಮಣ್ಣು ಹೇಗೆ ಒಣಗೀತೆಂಬ ಯೋಚನೆ ನನಗೆ ಬರಲಿಲ್ಲ. ಸಾಲದ್ದಕ್ಕೆ ಗಿಡವನ್ನು ನಡುಮನೆಯಲ್ಲಿ, ಕಿಟಕಿಯಿಂದ ಎಂಟು ಅಡಿ ದೂರದಲ್ಲಿ ತೂಗುಹಾಕಿದ್ದೆ. ಬೆಳಕು ಕಡಿಮೆಯಿದ್ದರೆ ಗಿಡ ನೀರು ಕುಡಿಯುವುದೂ ಕಡಿಮೆಯಾಗುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಅಕ್ಟೋಬರ್ ನಡುವಿನಲ್ಲಿ ಮುತ್ತುಗಳು ಸುಕ್ಕುಗಟ್ಟಿದವು. ಅತ್ತೆಯವರು ನೋಡಿ, “ನೀರು ಸಾಲದೆ ಬಾಡಿದೆ ಕಣೇ” ಎಂದರು. ನನಗೂ ಹಾಗೆಯೇ ಕಂಡಿತು. ಬಾಡಿದ ಗಿಡವನ್ನು ಕಂಡಾಗ ನೀರಿನ ಚೊಂಬಿನ ಕಡೆಗೆ ಕೈ ಹೋಗುವುದು ನಮ್ಮೆಲ್ಲರ ರೂಢಿ. ಅರ್ಧ ಲೋಟವನ್ನು ಒಂದು ಲೋಟ ಮಾಡಿ, ವಾರಕ್ಕೆ ಎರಡು ಸಲ ಹಾಕತೊಡಗಿದೆ. ಹತ್ತು ದಿನಗಳಲ್ಲಿ ಮುತ್ತುಗಳ ಹಸಿರು ಬಣ್ಣ ಹಳದಿಗೆ ತಿರುಗಿ, ಬೇಯಿಸಿದ ಸಬ್ಬಕ್ಕಿಯಂತೆ ಒಳಗೆಲ್ಲ ಕಾಣುವಷ್ಟು ತೆಳುವಾಯಿತು. ಮುಟ್ಟಿದರೆ ಸಾಕು, ಒಡೆದು ಬೆರಳಿಗೆ ನೀರು ಹತ್ತುತ್ತಿತ್ತು. ಒಂದು ಎಳೆಯನ್ನು ಮೆಲ್ಲನೆ ಎತ್ತಿದಾಗ ಅದು ಬುಡದಿಂದಲೇ ಕಳಚಿ ಬಂತು. ತುದಿ ಕಪ್ಪಾಗಿ, ಕೊಳೆತ ಸೊಪ್ಪಿನ ವಾಸನೆ ಬರುತ್ತಿತ್ತು. ಕುಂಡವನ್ನು ಬೋರಲು ಹಾಕಿ ನೋಡಿದರೆ ಮೂರು ಅಂಗುಲ ಆಳದ ಆ ಮಣ್ಣು ತಳದಲ್ಲಿ ಹಿಂಡಿದರೆ ನೀರು ಬರುವಷ್ಟು ತೋಯ್ದಿತ್ತು, ಬೇರೆಂದು ಹೇಳಬಹುದಾದದ್ದು ಕಂದು ನೂಲಿನಂಥ ಒಂದಿಷ್ಟು ಎಳೆ ಮಾತ್ರ ಉಳಿದಿತ್ತು.

ಆ ಸಂಜೆ ನನಗೆ ನಿಜವಾಗಿಯೂ ದುಃಖವಾಯಿತು. ಮರುದಿನದಿಂದ ಈ ಗಿಡದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಸಸ್ಯಶಾಸ್ತ್ರಜ್ಞರು ಇದನ್ನು ಹಿಂದೆ ಸೆನೆಸಿಯೊ ರೌಲಿಯಾನಸ್ ಎನ್ನುತ್ತಿದ್ದರು, ಈಗ ಕ್ಯೂರಿಯೊ ರೌಲಿಯಾನಸ್ ಎನ್ನುತ್ತಾರೆ. ರಸಭರಿತ ಸಸ್ಯಗಳ ಅಧ್ಯಯನಕ್ಕೆ ಜೀವನ ಮುಡಿಪಾಗಿಟ್ಟಿದ್ದ ಗಾರ್ಡನ್ ರೌಲಿ ಎಂಬ ಬ್ರಿಟಿಷ್ ಸಸ್ಯವಿಜ್ಞಾನಿಯ ಗೌರವಾರ್ಥ ಇಟ್ಟ ಹೆಸರು ಅದು. ನಮ್ಮ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೇ ಸೇರಿದ ಇದರ ತವರು ದಕ್ಷಿಣ ಆಫ್ರಿಕಾದ ಒಣ ಪ್ರದೇಶ. ಅಲ್ಲಿ ಇದು ಜೋತುಬೀಳುವ ಗಿಡವಲ್ಲ. ಪೊದೆಗಳ ಮತ್ತು ಬಂಡೆಗಳ ನೆರಳಿನಲ್ಲಿ ನೆಲದ ಮೇಲೆ ಹಾಸಿಕೊಂಡು, ಮಣ್ಣು ತಾಗಿದ ಗಿಣ್ಣುಗಳಲ್ಲೆಲ್ಲ ಸಣ್ಣ ಬೇರು ಬಿಡುತ್ತಾ ಹರಡುತ್ತದೆ. ಆದ್ದರಿಂದ ಅದರ ಬೇರು ಆಳಕ್ಕೆ ಇಳಿಯುವುದಿಲ್ಲ. ನಾವು ಮುತ್ತೆನ್ನುವುದು ಅದರ ಎಲೆ. ಒಂದಿಷ್ಟು ನೀರನ್ನು ಅತ್ಯಂತ ಕಡಿಮೆ ಮೇಲ್ಮೈಯೊಳಗೆ ಹಿಡಿದಿಡಬಲ್ಲ ಆಕಾರ ಗೋಳವಾದ್ದರಿಂದ, ಬಿಸಿಲಿಗೆ ಆವಿಯಾಗಿ ಹೋಗುವ ನೀರನ್ನು ಉಳಿಸಿಕೊಳ್ಳಲು ಎಲೆಯೇ ಗುಂಡಾಗಿದೆ. ಹೀಗೆ ಗುಂಡಾದ ಎಲೆಯ ಒಳಭಾಗಕ್ಕೆ ಬೆಳಕು ಸೇರಬೇಕಲ್ಲ, ಅದಕ್ಕಾಗಿ ಪ್ರತಿ ಮುತ್ತಿನ ಒಂದು ಬದಿಯಲ್ಲಿ ಉದ್ದಕ್ಕೆ ಗಾಜಿನಂಥ ಸಣ್ಣ ಪಟ್ಟಿಯೊಂದಿದೆ. ಎರಡು ತಿಂಗಳು ದಿನವೂ ಆ ಗಿಡವನ್ನು ನೋಡಿದ್ದ ನಾನು ಆ ಪಟ್ಟಿಯನ್ನು ಗಮನಿಸಿದ್ದು ಓದಿದ ನಂತರವೇ.

ಮುಖ್ಯವಾಗಿ ನನಗೆ ಅರ್ಥವಾದದ್ದು, ತೋಯ್ದ ಮಣ್ಣಿನಲ್ಲಿ ನಿಂತ ಗಿಡ ಏಕೆ ಬಾಯಾರಿದಂತೆ ಕಾಣುತ್ತದೆ ಎಂಬುದು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳೆಲ್ಲ ಬಹಳ ದಿನ ನೀರಿನಿಂದಲೇ ತುಂಬಿಕೊಂಡಿದ್ದರೆ ಬೇರು ಉಸಿರುಗಟ್ಟಿ ಸಾಯುತ್ತದೆ, ಸತ್ತ ಬೇರಿಗೆ ಶಿಲೀಂಧ್ರ ಹತ್ತುತ್ತದೆ. ಬೇರಿಲ್ಲದ ಗಿಡಕ್ಕೆ ಸುತ್ತ ನೀರಿದ್ದರೂ ಹೀರಲಾಗುವುದಿಲ್ಲವಾದ್ದರಿಂದ ಎಲೆ ಸುಕ್ಕುಗಟ್ಟುತ್ತದೆ. ಅಂದರೆ ಅಕ್ಟೋಬರ್‌ನಲ್ಲಿ ನಾನು ಕಂಡ ಸುಕ್ಕು ಬಾಯಾರಿಕೆಯದ್ದೇ ಆಗಿದ್ದರೂ, ನಾನು ಹೆಚ್ಚಿಸಿದ ನೀರೇ ಆ ಬಾಯಾರಿಕೆಗೆ ಕಾರಣವಾಗಿತ್ತು. ಗಿಡದ ಮುಖವನ್ನಷ್ಟೇ ನೋಡಿ ನೀರು ಹಾಕುವವರಿಗೆ ಈ ಎರಡರ ವ್ಯತ್ಯಾಸ ತಿಳಿಯುವುದು ಕಷ್ಟ. ಮಣ್ಣಿನ ಸ್ಥಿತಿಯನ್ನು ಬೇರೆಯಾಗಿ ತಿಳಿದುಕೊಳ್ಳಲೇಬೇಕು.

ಕೊಳೆಯದೆ ಉಳಿದಿದ್ದ ಎಳೆಗಳ ತುದಿಯಿಂದ ನಾಲ್ಕೈದು ಅಂಗುಲದ ಒಂಬತ್ತು ತುಂಡುಗಳು ಸಿಕ್ಕವು. ಕತ್ತರಿಸಿದ ಜಾಗ ಒಣಗಲೆಂದು ಎರಡು ದಿನ ಪತ್ರಿಕೆಯ ಮೇಲೆ ಹರಡಿಟ್ಟು, ಅಗಲವಾದ ಡಬ್ಬಿಯಲ್ಲಿ ಮಣ್ಣು ಹರಡಿ, ಅದರ ಮೇಲೆ ಚಕ್ಕುಲಿ ಸುತ್ತಿದ ಹಾಗೆ ಸುತ್ತಿ ಮಲಗಿಸಿ, ಗಿಣ್ಣುಗಳು ಮಣ್ಣಿಗೆ ತಾಗುವಂತೆ ತಲೆಗೆ ಹಾಕುವ ಪಿನ್ನುಗಳಿಂದ ಹಿಡಿಸಿದೆ. ಇಲ್ಲಿ ನೀರಿನ ಲೆಕ್ಕ ತಿರುವುಮುರುವಾಗುತ್ತದೆ: ಬೇರಿಲ್ಲದ ತುಂಡಿಗೆ ಆಳದ ನೀರಿನಿಂದ ಪ್ರಯೋಜನವಿಲ್ಲ, ಆದರೆ ಗಿಣ್ಣಿನಲ್ಲಿ ಬೇರು ಚಿಗುರಲು ಮಣ್ಣಿನ ಮೇಲ್ಪದರದಲ್ಲಿ ತುಸು ತೇವ ಇರಲೇಬೇಕು. ದಿನ ಬಿಟ್ಟು ದಿನ ಬೆಳಿಗ್ಗೆ ಪಿಚಕಾರಿ ಬಾಟಲಿಯಿಂದ ಮೂರು ನಾಲ್ಕು ಸಲ ಸಿಂಪಡಿಸುತ್ತಿದ್ದೆ. ಮೂರು ವಾರಕ್ಕೆ ಒಂದು ಎಳೆಯನ್ನು ಮೆಲ್ಲಗೆ ಎಳೆದು ನೋಡಿದಾಗ ಅದು ಮಣ್ಣನ್ನು ಹಿಡಿದುಕೊಂಡಿತ್ತು. ಒಂಬತ್ತರಲ್ಲಿ ಏಳು ಬೇರೂರಿದವು.

ಸಂಕ್ರಾಂತಿ ಕಳೆದ ಮೇಲೆ, 2023ರ ಜನವರಿ ಕೊನೆಯಲ್ಲಿ, ಏಳನ್ನೂ ಸೇರಿಸಿ ಒಂದು ಕುಂಡಕ್ಕೆ ಹಾಕಿದೆ. ಒಮ್ಮೆ ಕೊಳೆಸಿದ ಭಯ ಮನಸ್ಸಿನಲ್ಲಿ ಕೂತಿದ್ದರಿಂದ ಈ ಸಲ ಹತ್ತು ಹನ್ನೆರಡು ದಿನಕ್ಕೊಮ್ಮೆ ನೀರು ಹಾಕುವುದೆಂದು ನಿಶ್ಚಯಿಸಿಕೊಂಡೆ. ಕುಂಡದ ಬುಡದಿಂದ ನೀರು ಸುರಿಯುವವರೆಗೂ ಹಾಕುವುದು, ಸುರಿದರೆ ಮಣ್ಣು ಪೂರ್ತಿ ನೆನೆಯಿತೆಂದು ತಿಳಿಯುವುದು, ಇದು ನನ್ನ ಕ್ರಮವಾಗಿತ್ತು. ಮಾರ್ಚ್ ಹೊತ್ತಿಗೆ ಮುತ್ತುಗಳು ಮತ್ತೆ ಸುಕ್ಕಾದವು. ಈಗ ನಾನು ಅನುಭವಸ್ಥಳೆಂದು ಭಾವಿಸಿ, ಇದು ನೀರು ಹೆಚ್ಚಾದ ಲಕ್ಷಣವೇ ಇರಬೇಕೆಂದು ನೀರನ್ನು ಇನ್ನೂ ಮುಂದೂಡಿದೆ. ಏಪ್ರಿಲ್ ಮೊದಲ ವಾರದಲ್ಲಿ ಮುತ್ತುಗಳು ಒಣದ್ರಾಕ್ಷಿಯಂತಾಗಿ ಉದುರತೊಡಗಿದಾಗ ಒಂದು ಊದುಬತ್ತಿಯ ಕಡ್ಡಿಯನ್ನು ಮಣ್ಣಿಗೆ ಚುಚ್ಚಿ ನೋಡಿದೆ. ಹಿಂದಿನ ದಿನವಷ್ಟೇ ನೀರು ಹಾಕಿ, ಬುಡದಿಂದ ಧಾರಾಳವಾಗಿ ಸುರಿದದ್ದನ್ನು ಕಣ್ಣಾರೆ ಕಂಡಿದ್ದರೂ ಕಡ್ಡಿ ಬೂದಿ ಕೆದಕಿ ತೆಗೆದಂತೆ ಒಣಗಿಯೇ ಹೊರಬಂತು.

ಕಾರಣ ಕೊಕೊಪೀಟ್. ನರ್ಸರಿಗಳಲ್ಲಿ ಸಿಗುವ ಹಗುರವಾದ ಮಿಶ್ರಣದಲ್ಲಿ ಹೆಚ್ಚಿನ ಪಾಲು ತೆಂಗಿನ ನಾರಿನ ಈ ಪುಡಿಯೇ ಇರುತ್ತದೆ. ತೇವವಿರುವಾಗ ಅದು ಸ್ಪಂಜಿನಂತೆ ಬಹಳ ಕಾಲ ನೀರು ಹಿಡಿದಿಡುತ್ತದೆ. ಹಾಗೆಯೇ ಒಮ್ಮೆ ಪೂರ್ತಿ ಒಣಗಿತೆಂದರೆ ಮುದ್ದೆಗಟ್ಟಿ, ಕುಂಡದ ಗೋಡೆಯಿಂದ ಬಿಟ್ಟುಕೊಂಡು, ಮೇಲಿಂದ ಬಿದ್ದ ನೀರನ್ನು ಒಳಕ್ಕೆ ಬಿಡದೆ ಬದಿಯ ಸಂದಿಯಿಂದ ಕೆಳಕ್ಕೆ ಹರಿಸಿಬಿಡುವುದುಂಟು. ಮಳೆಗಾಲದಲ್ಲಿ ನನ್ನ ಮೊದಲ ಗಿಡವನ್ನು ಕೊಳೆಸಿದ್ದೂ ಬೇಸಿಗೆಯಲ್ಲಿ ಎರಡನೆಯದನ್ನು ಒಣಗಿಸಿದ್ದೂ ಒಂದೇ ಮಿಶ್ರಣವೆಂದು ತಿಳಿದಾಗ, ನೀರಿನ ಪ್ರಶ್ನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಣ್ಣಿನ ಪ್ರಶ್ನೆಯೇ ಎಂದು ನನಗೆ ಖಚಿತವಾಯಿತು.

ಆ ದಿನವೇ ಇಡೀ ಕುಂಡವನ್ನು ಅಗಲ ಬೋಗುಣಿಯಲ್ಲಿ ಎರಡು ಅಂಗುಲ ನೀರಿಟ್ಟು ಅದರಲ್ಲಿ ಕೂರಿಸಿದೆ. ಮುಕ್ಕಾಲು ಗಂಟೆಯ ನಂತರ ಮೇಲ್ಪದರ ಕಪ್ಪಗೆ ತೇವವಾಯಿತು. ಮೂರನೆಯ ದಿನ ಬೆಳಿಗ್ಗೆ ಕಿಟಕಿಯ ಬಳಿ ಬಂದು ನೋಡಿದರೆ, ಉದುರದೆ ಉಳಿದಿದ್ದ ಮುತ್ತುಗಳೆಲ್ಲ ನೆನೆಸಿಟ್ಟ ಕಾಳಿನಂತೆ ತುಂಬಿಕೊಂಡಿದ್ದವು. ಅವತ್ತು ಕಾಫಿ ಕುಡಿಯುವುದನ್ನೂ ಬಿಟ್ಟು ಅತ್ತೆಯವರನ್ನು ಕರೆತಂದು ತೋರಿಸಿದೆ.

ಮೇ ತಿಂಗಳಲ್ಲಿ ಮಣ್ಣನ್ನು ಬದಲಾಯಿಸಿದೆ. ಪಾಟರಿ ಟೌನಿನ ಕುಂಬಾರರ ಬೀದಿಗೆ ಹೋಗಿ, ಆರು ಅಂಗುಲ ಅಗಲ, ಮೂರು ಅಂಗುಲವಷ್ಟೇ ಆಳವಿರುವ, ತಳದಲ್ಲಿ ತೂತಿರುವ ಮಣ್ಣಿನ ಕುಂಡವನ್ನು ತಂದೆ. ಬಣ್ಣ ಬಳಿಯದ ಮಣ್ಣಿನ ಕುಂಡದ ಗೋಡೆಯ ಮೂಲಕವೂ ತೇವ ಆರುವುದರಿಂದ ನೀರು ಒಳಗೆ ನಿಲ್ಲುವ ಭಯ ಕಡಿಮೆ. ಹೊಸ ಕುಂಡವನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟೇ ಬಳಸಬೇಕು, ಇಲ್ಲವಾದರೆ ಮೊದಲ ನೀರನ್ನೆಲ್ಲ ಅದೇ ಕುಡಿದುಬಿಡುತ್ತದೆ. ಮಿಶ್ರಣಕ್ಕೆ ಒಂದು ಪಾಲು ಕೆಮ್ಮಣ್ಣು ಮತ್ತು ಎಲೆಗೊಬ್ಬರ ಸೇರಿಸಿದ್ದು, ಒಂದು ಪಾಲು ಪರ್ಲೈಟ್ ಎಂಬ ಹಗುರವಾದ ಬಿಳಿ ಕಲ್ಲಿನ ಕಾಳು, ಒಂದು ಪಾಲು ಇಟ್ಟಿಗೆ ಚೂರು. ಇಟ್ಟಿಗೆ ಚೂರು ಎದುರು ರಸ್ತೆಯಲ್ಲಿ ಕಟ್ಟುತ್ತಿದ್ದ ಮನೆಯ ಮುಂದೆ ಬೇಕಾದಷ್ಟು ಬಿದ್ದಿತ್ತು. ಮೇಸ್ತ್ರಿಯವರನ್ನು ಕೇಳಿ ಒಂದು ಬುಟ್ಟಿ ತಂದು, ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿ, ಹಳೆಯ ಜರಡಿಯಲ್ಲಿ ಜಾಲಿಸಿ ದೂಳನ್ನೆಲ್ಲ ತೆಗೆದೆ. ದೂಳು ತೆಗೆಯದಿದ್ದರೆ ಸಂದುಗಳು ಮುಚ್ಚಿಕೊಂಡು ಅಷ್ಟೂ ಶ್ರಮ ವ್ಯರ್ಥ. ಅದಕ್ಕೂ ಮೊದಲು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸುವ ಮರಳನ್ನು ಬೆರೆಸಿ ನೋಡಿದ್ದೆ. ಅದರ ನುಣುಪು ಪುಡಿ ಎರಡು ನೀರಿಗೇ ಗಾರೆಯಂತೆ ಗಟ್ಟಿಯಾಗಿ ಕೂತಿತು.

ಇನ್ನು ಯಾವಾಗ ಹಾಕಬೇಕೆಂಬುದು. ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲು ಬಾರದ ದಿನ, ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ ಎಲ್ಲವನ್ನೂ ಗುರುತಿಸುತ್ತೇವೆ. ಒಂದು ದಿನ ಅತ್ತೆಯವರು ಸಿಲಿಂಡರನ್ನು ಒಂದು ಕೈಯಲ್ಲಿ ತುಸು ಓರೆ ಮಾಡಿ, “ಇನ್ನು ನಾಲ್ಕು ದಿನ ಬರತ್ತೆ” ಎಂದರು. ದಿನಾಂಕ ಬರೆದಿದ್ದರೂ ಅವರು ನಂಬುವುದು ಕೈಗೆ ಹತ್ತುವ ಭಾರವನ್ನು. ಯಾಕೆಂದರೆ ಮನೆಗೆ ನೆಂಟರು ಬಂದ ತಿಂಗಳು ಸಿಲಿಂಡರ್ ಬೇಗ ಮುಗಿಯುತ್ತದೆ, ಊರಿಗೆ ಹೋದ ತಿಂಗಳು ಹೆಚ್ಚು ದಿನ ಬರುತ್ತದೆ. ಕುಂಡಕ್ಕೂ ಇದೇ ಸರಿಯಾದ ಕ್ರಮವೆಂದು ನನಗೆ ಆ ಕ್ಷಣದಲ್ಲಿ ಹೊಳೆಯಿತು. ಚಕ್ಕುಲಿ, ಕೋಡುಬಳೆಗೆ ಹಿಟ್ಟು ತೂಗಲು ತಂದಿದ್ದ ತಕ್ಕಡಿಯ ಮೇಲೆ, ತೂಗುಹಾಕುವ ತಂತಿ ಬಿಚ್ಚಿ, ಕುಂಡವನ್ನು ಇಟ್ಟೆ. ಪೂರ್ತಿ ನೆನೆದು ಹೆಚ್ಚಿನ ನೀರು ಸೋರಿಹೋದ ಮೇಲೆ 1,620 ಗ್ರಾಂ ಇತ್ತು. ದಿನವೂ ಬೆಳಿಗ್ಗೆ ತೂಗಿ ಕ್ಯಾಲೆಂಡರಿನಲ್ಲಿ ಬರೆಯುತ್ತಾ ಹೋದೆ. ಕಡ್ಡಿ ಒಣಗಿ ಹೊರಬರುವ ಹೊತ್ತಿಗೆ ತೂಕ 1,340ಕ್ಕೆ ಇಳಿದು ಅಲ್ಲಿಯೇ ನಿಂತಿತು. ಅಂದರೆ ಈ ಕುಂಡ ಹಿಡಿಯುವ ನೀರು 280 ಗ್ರಾಂ, ಒಂದು ಲೋಟಕ್ಕಿಂತ ಸ್ವಲ್ಪ ಹೆಚ್ಚು. ತೂಕ 1,380ರ ಸುತ್ತಮುತ್ತ ಬಂದಾಗ ಮುತ್ತುಗಳನ್ನು ನೋಡುತ್ತೇನೆ. ಗಾಜಿನ ಪಟ್ಟಿ ಕಿರಿದಾಗಿ ಗೆರೆಯಂತಾಗಿದ್ದರೆ, ಹೆಬ್ಬೆರಳು ತೋರುಬೆರಳುಗಳ ನಡುವೆ ಮುತ್ತು ತುಸು ಮೆತ್ತಗೆನಿಸಿದರೆ, ನೀರು. ಪಟ್ಟಿ ಅಗಲವಾಗಿಯೇ ಇದ್ದು ಮುತ್ತು ಹಸಿ ಬಟಾಣಿಯಂತೆ ಗಟ್ಟಿಯಾಗಿದ್ದರೆ ಇನ್ನೊಂದೆರಡು ದಿನ ಬಿಡುತ್ತೇನೆ.

ಮೂರು ತಿಂಗಳು ತೂಗಿದ ಮೇಲೆ ದಿನವೂ ತೂಗುವ ಅಗತ್ಯ ಬೀಳಲಿಲ್ಲ, ಕೈಯೇ ಹೇಳತೊಡಗಿತು. ಆದರೂ ಆ ಅಂಕಿಗಳನ್ನು ಬರೆದಿಟ್ಟದ್ದರಿಂದ ನಮ್ಮ ಊರಿನ ಹವೆಯೊಡನೆ ಈ ಗಿಡದ ಸಂಬಂಧ ಹೇಗಿದೆಯೆಂದು ಸ್ಪಷ್ಟವಾಗಿ ಕಂಡಿತು. ಮಾರ್ಚ್, ಏಪ್ರಿಲ್ ತಿಂಗಳ ಒಣ ಬಿಸಿಲಿನಲ್ಲಿ ಒಂಬತ್ತು ಹತ್ತು ದಿನಕ್ಕೆ ಕುಂಡ ಒಣಗುತ್ತದೆ. ರಾತ್ರಿಯ ಉಷ್ಣತೆ 15–16 ಡಿಗ್ರಿಗೆ ಇಳಿಯುವ ಡಿಸೆಂಬರ್, ಜನವರಿಯಲ್ಲಿ 18 ದಿನ ಬೇಕು. ಸೆಪ್ಟೆಂಬರ್, ಅಕ್ಟೋಬರ್‌ನ ಜಡಿಮಳೆಯಲ್ಲಿ ಒಮ್ಮೆ 26 ದಿನವಾದರೂ ನೀರು ಬೇಕಾಗಲಿಲ್ಲ. ಆಷಾಢದ ಲೆಕ್ಕ ಮಾತ್ರ ವಿಚಿತ್ರ. ಆಕಾಶದಲ್ಲಿ ಮೋಡ, ಆಗಾಗ ತುಂತುರು, ಆದರೆ ಗಾಳಿ ಎಡೆಬಿಡದೆ ಬೀಸುವುದರಿಂದ ಮಣ್ಣಿನ ಕುಂಡ ಹೊರಮೈಯಿಂದ ಆರುತ್ತಲೇ ಇರುತ್ತದೆ. ಹಾಗಾಗಿ ಒಂದು ವಾರ ಗಾಳಿ ಜೋರಾಗಿದ್ದರೆ 14 ದಿನ, ಗಾಳಿ ಬಿದ್ದರೆ 20 ದಿನ. ಇಂಥ ಊರಿನಲ್ಲಿ ‘ವಾರಕ್ಕೊಮ್ಮೆ ಅರ್ಧ ಲೋಟ’ ಎಂಬ ಮಾತು ವರ್ಷದಲ್ಲಿ ಕೆಲವೇ ವಾರ ನಿಜವಾಗಬಹುದು. ಅದರಲ್ಲಿಯೂ ‘ಅರ್ಧ ಲೋಟ’ ಎಂಬುದು ನನಗೆ ಹೆಚ್ಚು ತಪ್ಪಾಗಿ ಕಾಣುತ್ತದೆ. ಬೇಗ ಬೇಗ ಸ್ವಲ್ಪ ಸ್ವಲ್ಪ ಹಾಕುವುದರ ಬದಲು, ತಡವಾಗಿ, ಆದರೆ ಮಣ್ಣೆಲ್ಲ ನೆನೆಯುವಂತೆ ಹಾಕಿ, ಪೂರ್ತಿ ಸೋರಲು ಬಿಡುವುದೇ ಈ ಗಿಡಕ್ಕೆ ಹಿತ.

ನಾನು ಈಗ ಅನುಸರಿಸುವ ವಿಧಾನ ಇಷ್ಟು. ಬೆಳಿಗ್ಗೆ ಎಂಟರ ಒಳಗೆ ಕುಂಡವನ್ನು ಇಳಿಸಿ, ಎಳೆಗಳು ಸಿಕ್ಕಿಕೊಳ್ಳದಂತೆ ಬೋಗುಣಿಯ ಅಂಚಿನಿಂದ ಹೊರಕ್ಕೆ ಇಳಿಬಿಟ್ಟು, ಒಂದೂವರೆ ಅಂಗುಲ ನೀರಿನಲ್ಲಿ 20 ನಿಮಿಷ ಕೂರಿಸುತ್ತೇನೆ. ಮೇಲ್ಪದರ ತೇವವಾದೊಡನೆ ಎತ್ತಿ, ಬಚ್ಚಲಿನ ಜಾಲರಿಯ ಮೇಲೆ ಅರ್ಧ ಗಂಟೆ ಸೋರಲು ಬಿಡುತ್ತೇನೆ. ಬುಡದ ತಟ್ಟೆಯಲ್ಲಿ ನೀರು ನಿಂತ ಸ್ಥಿತಿಯಲ್ಲಿ ಎಂದಿಗೂ ತೂಗುಹಾಕುವುದಿಲ್ಲ. ಪ್ರತಿ ನಾಲ್ಕನೆಯ ಸಲ ಮಾತ್ರ ಕೆಳಗಿನಿಂದ ನೆನೆಸುವ ಬದಲು ಮೇಲಿಂದ ಸಣ್ಣ ಧಾರೆಯಲ್ಲಿ ಹಾಕಿ, ಎರಡು ಲೋಟದಷ್ಟು ಬುಡದಿಂದ ಹರಿದುಹೋಗುವಂತೆ ಮಾಡುತ್ತೇನೆ. ಇದಕ್ಕೆ ಕಾರಣ ಉಪ್ಪು.

ನಮ್ಮ ಕಟ್ಟಡಕ್ಕೆ ಒಂದು ದಿನ ಕಾವೇರಿ ನೀರು, ಒಂದು ದಿನ ಕೊಳವೆಬಾವಿಯ ನೀರು. ಮೊದಲ ವರ್ಷ ಎರಡನ್ನೂ ಭೇದವಿಲ್ಲದೆ ಬಳಸಿದ್ದರಿಂದ ಕುಂಡದ ಹೊರಮೈಯಲ್ಲಿ ಸುಣ್ಣ ಸವರಿದಂತೆ ಬಿಳಿ ಪೊರೆ ಕಟ್ಟಿತು. ಗಡಸು ನೀರಿನಲ್ಲಿರುವ ಲವಣಗಳು ನೀರು ಆರಿದಾಗ ಹಿಂದೆ ಉಳಿಯುತ್ತವೆ. ಕೆಳಗಿನಿಂದ ನೆನೆಸುವಾಗ ಅವು ಮೇಲಕ್ಕೆ ಬಂದು ಗಿಡದ ಬುಡದ ಸುತ್ತಲೇ ಸೇರುತ್ತವೆ. ಆಗಾಗ ಮೇಲಿಂದ ನೀರು ಹರಿಸಿದರೆ ಅವು ತೊಳೆದುಹೋಗುತ್ತವೆ. ಕುಡಿಯುವ ನೀರನ್ನು ಶುದ್ಧ ಮಾಡುವ ಆರ್‌ಓ ಯಂತ್ರದಿಂದ ಹೊರಬೀಳುವ ನೀರನ್ನು ಗಿಡಗಳಿಗೆ ಹಾಕುವ ರೂಢಿ ನಮ್ಮ ಕಟ್ಟಡದಲ್ಲಿದೆ. ನೆಲ ತೊಳೆಯಲು ಅದು ಒಳ್ಳೆಯದು, ಆದರೆ ಮೂಲ ನೀರಿಗಿಂತ ಹೆಚ್ಚು ಲವಣ ತುಂಬಿರುವ ಅದನ್ನು ಇಷ್ಟು ಸಣ್ಣ ಕುಂಡಕ್ಕೆ ಹಾಕಬಾರದು. ಎಲ್ಲಕ್ಕಿಂತ ಉತ್ತಮವಾದದ್ದು ಮಳೆನೀರು. ತಾರಸಿಯ ಕೊಳವೆಗೆ ಜೋಡಿಸಿರುವ ಡ್ರಮ್ಮಿನಿಂದ ಐದು ಲೀಟರಿನ ಎರಡು ಕ್ಯಾನ್ ತುಂಬಿಟ್ಟುಕೊಂಡರೆ ಈ ಗಿಡಕ್ಕೆ ಏಳೆಂಟು ತಿಂಗಳು ಸಾಕಾಗುತ್ತದೆ.

2024ರ ಬೇಸಿಗೆಯಲ್ಲಿ ಆ ಕ್ಯಾನುಗಳೂ ಖಾಲಿಯಾಗಿದ್ದವು. ಮಾರ್ಚ್‌ನಲ್ಲಿ ಜಲಮಂಡಳಿಯು ಕೈತೋಟಕ್ಕೆ, ವಾಹನ ತೊಳೆಯಲು ಕುಡಿಯುವ ನೀರು ಬಳಸಬಾರದೆಂದು, ತಪ್ಪಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿತು. ನೂರು ಕಿಲೋಮೀಟರಿನಷ್ಟು ದೂರದಿಂದ ಎತ್ತರಕ್ಕೆ ಪಂಪು ಮಾಡಿ ತರುವ ನೀರು ಇದು. ಆ ಆದೇಶ ನನಗೆ ನ್ಯಾಯವಾಗಿಯೇ ಕಂಡಿತು. ಸೊಪ್ಪು, ತರಕಾರಿ ತೊಳೆದ ಕೊನೆಯ ನೀರನ್ನು ತಿಳಿಯಾಗಲು ಬಿಟ್ಟು, ಅದರಲ್ಲೇ ಕುಂಡವನ್ನು ನೆನೆಸಿ, ಉಳಿದದ್ದನ್ನು ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದೆ. ಅಕ್ಕಿ ತೊಳೆದ ನೀರನ್ನು ಮಾತ್ರ ಒಂದೇ ಸಲ ಬಳಸಿ ಬಿಟ್ಟೆ. ಗಂಜಿಯಂಶ ಮಣ್ಣಿನ ಮೇಲೆ ಹುಳಿತು ಸಣ್ಣ ಕಪ್ಪು ನೊಣಗಳು ಬಂದವು.

ಅದೇ ಏಪ್ರಿಲ್ ಕೊನೆಯಲ್ಲಿ ಬಿಸಿಲು 38 ಡಿಗ್ರಿ ಮೀರಿದಾಗ ಮುತ್ತುಗಳು ಮೂರನೆಯ ಸಲ ಸುಕ್ಕಾದವು. ನೀರು ಹಾಕಿ ನಾಲ್ಕು ದಿನವಷ್ಟೇ ಆಗಿತ್ತು. ಕೆಳಮನೆಯ ಆಂಟಿ ನೋಡಿ, “ಪಾಪ, ಇಂಥ ಬಿಸಿಲಲ್ಲಿ ಒಂದು ಚೊಂಬು ನೀರಾದರೂ ಹಾಕಬಾರದೇನಮ್ಮ” ಎಂದು ಮರುಗಿದರು. ನನ್ನ ಮನಸ್ಸೂ ಹಾಗೆಯೇ ಹೇಳುತ್ತಿತ್ತು. ಕುಂಡವನ್ನು ಇಳಿಸಿ ತೂಗಿದೆ: 1,510. ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿದೆ, ಮುತ್ತುಗಳ ಹಸಿರು ಮಸುಕಾಗಿಲ್ಲ, ಬುಡ ಗಟ್ಟಿಯಾಗಿದೆ. ಅಂದರೆ ಬೇರು ಕೊಳೆತಿಲ್ಲ, ನೀರೂ ಕಡಿಮೆಯಿಲ್ಲ, ತಾಪಕ್ಕೆ ಗಿಡ ಬಸವಳಿದು ತನ್ನ ಕೆಲಸ ನಿಲ್ಲಿಸಿದೆ. ಆ ಸ್ಥಿತಿಯಲ್ಲಿ ಇನ್ನಷ್ಟು ನೀರು ಹಾಕಿದರೆ ಕಾದ ಮಣ್ಣಿನಲ್ಲಿ ಬೇರು ಕೊಳೆಯಬಹುದು. ನೀರು ಮುಟ್ಟದೆ, ಕುಂಡವನ್ನು ಕಾದ ಸರಳಿನಿಂದ ತೆಗೆದು ಮೂರು ಅಡಿ ಒಳಗೆ, ನೇರ ಬಿಸಿಲು ತಾಗದ ಕಡೆ ತೂಗುಹಾಕಿದೆ. ಮೇ ತಿಂಗಳ ಮೊದಲ ಮಳೆಗಳು ಬಿದ್ದು ಹವೆ ತಣ್ಣಗಾದ ಮೇಲೆ ಮುತ್ತುಗಳು ತಾವಾಗಿಯೇ ತುಂಬಿಕೊಂಡವು. ಹಿಂದಿನ ಎರಡು ಸಲವೂ ಸುಕ್ಕನ್ನು ಕಂಡು ತಪ್ಪು ಹೆಜ್ಜೆಯಿಟ್ಟಿದ್ದ ನನಗೆ, ಮೂರನೆಯ ಸಲ ಸರಿಯಾಗಿ ಓದಲಾಯಿತೆಂಬ ಸಮಾಧಾನ ದೊಡ್ಡದಾಗಿತ್ತು.

2025ರ ಜನವರಿಯಲ್ಲಿ ಅದು ಹೂಬಿಟ್ಟಿತು. ಬಿಳಿಯ, ಪುಟ್ಟ ಕುಂಚದಂಥ ಹೂವು. ಅದರೊಳಗಿಂದ ಕಂದು ಬಣ್ಣದ ಕೇಸರಗಳು ಇಣುಕುತ್ತವೆ. ಬೆಳಿಗ್ಗೆ ಕಾಫಿಗೆ ಹಾಲಿಡಲು ಬಂದ ಅತ್ತೆಯವರು, ಮಸಾಲೆ ಡಬ್ಬಿ ಯಾರು ತೆರೆದಿಟ್ಟರೆಂದು ಕೇಳಿದರು. ಚಕ್ಕೆಯ ವಾಸನೆ ಬರುತ್ತಿದ್ದದ್ದು ಆ ಹೂವಿನಿಂದ. ಹೂವಿರುವ ಮೂರು ವಾರ ತೂಕ 1,400ಕ್ಕೆ ಇಳಿದೊಡನೆಯೇ ನೀರು ಹಾಕಿದೆ, ಪೂರ್ತಿ ಒಣಗಲು ಬಿಡಲಿಲ್ಲ. ಅದು ಸರಿಯೋ ಎಂದು ನೋಡಲು ಇನ್ನೊಂದು ಚಳಿಗಾಲ ಬೇಕು.

ಈ ವಾರ ಆಷಾಢದ ಗಾಳಿ ಬಿದ್ದುಹೋಗಿ ಸೋನೆ ಹಿಡಿದಿದೆ. ಈಗ ತಾನೇ ಕುಂಡವನ್ನು ಇಳಿಸಿ ಕೈಯಲ್ಲಿ ಹಿಡಿದು ನೋಡಿದೆ, ಖಚಿತ ಮಾಡಿಕೊಳ್ಳಲು ತಕ್ಕಡಿಯ ಮೇಲೂ ಇಟ್ಟೆ. 1,460 ತೋರಿಸಿತು. ಮುತ್ತುಗಳ ಪಟ್ಟಿ ಅಗಲವಾಗಿಯೇ ಇದೆ. ಭಾನುವಾರದವರೆಗೂ ನೋಡುವ ಅಗತ್ಯವಿಲ್ಲವೆಂದು ಕ್ಯಾಲೆಂಡರಿನಲ್ಲಿ ಬರೆದು, ತಂತಿ ಸಿಕ್ಕಿಸಿ, ಮತ್ತೆ ಸರಳಿಗೆ ತೂಗುಹಾಕಿದ್ದೇನೆ.